ಯಾರ ಕಡೆಯವರು?

ನಮ್ಮ ಸ್ಟಾಫ್ ರೂಮಿನಲ್ಲಿ ಪೇಪರು ಮಡಿಸಿಡುವಾಗ ಸಮಾಜದ ಮೇಷ್ಟ್ರು ಆಗಾಗ ಹೇಳುವ ಮಾತೊಂದಿದೆ. "ಈ ಮಾನವ ಹಕ್ಕುಗಳ ಸಂಘದವರದೆಲ್ಲ ಬರೀ ರಾಜಕೀಯ ಕಣ್ರೀ ಮೇಡಂ. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ." ಎಲ್ಲರೂ ತಲೆಯಾಡಿಸುತ್ತಾರೆ. ನಾನು ಆಡಿಸುವುದಿಲ್ಲ. ಹಾಗೆಂದು ಅವರ ಮಾತಿನಲ್ಲಿ ಹುರುಳೇ ಇಲ್ಲವೆಂದೂ ಹೇಳಲಾರೆ.

1990ರ ಆಗಸ್ಟಿನಲ್ಲಿ ಇರಾಕ್ ಕುವೈತನ್ನು ನುಂಗಿತು. ಅಕ್ಟೋಬರಿನಲ್ಲಿ ಹದಿನೈದು ವರ್ಷದ ಹುಡುಗಿಯೊಬ್ಬಳು ಅಮೆರಿಕದ ಸಂಸದರ ಮುಂದೆ ಕುಳಿತು, ಇರಾಕಿ ಸೈನಿಕರು ಆಸ್ಪತ್ರೆಯ ಇನ್‌ಕ್ಯುಬೇಟರುಗಳಿಂದ ಹಸುಗೂಸುಗಳನ್ನು ತೆಗೆದು ತಣ್ಣನೆಯ ನೆಲದ ಮೇಲೆ ಸಾಯಲು ಬಿಟ್ಟರೆಂದು ಅತ್ತಳು. ಡಿಸೆಂಬರಿನಲ್ಲಿ ಆಮ್ನೆಸ್ಟಿ ಸಂಸ್ಥೆಯ ವರದಿ, ಹೀಗೆ ಸತ್ತ ಶಿಶುಗಳು 300ಕ್ಕೂ ಹೆಚ್ಚು ಎಂದಿತು. ಜನವರಿಯಲ್ಲಿ ಅಮೆರಿಕ ಯುದ್ಧಕ್ಕಿಳಿಯಿತು. ಎಲ್ಲ ಮುಗಿದ ಮೇಲೆ, 1991ರ ಏಪ್ರಿಲಿನಲ್ಲಿ, ಅದಕ್ಕೆ ಆಧಾರ ಸಿಗಲಿಲ್ಲವೆಂದು ಆಮ್ನೆಸ್ಟಿಯೇ ಒಪ್ಪಿಕೊಂಡಿತು. ಆ ಹುಡುಗಿ ಅಮೆರಿಕದಲ್ಲಿದ್ದ ಕುವೈತ್ ರಾಯಭಾರಿಯ ಮಗಳೆಂದು ಲೋಕಕ್ಕೆ ತಿಳಿದದ್ದು 1992ರಲ್ಲಿ. ಹಸುಗೂಸಿನ ಮಾತು ಬಂದರೆ ಯಾರು ತಾನೆ ಸಾಕ್ಷಿ ಕೇಳುತ್ತಾರೆ? ಆದರೆ ಕೇಳಬೇಕಾದವರೂ ಕೇಳಲಿಲ್ಲವಲ್ಲ, ಅದು ತಪ್ಪು. ತಪ್ಪೊಪ್ಪಿಗೆಯ ದನಿ ಮೊದಲ ಸುದ್ದಿಯಷ್ಟು ಜೋರಾಗಿ ಕೇಳಿಸುವುದೂ ಇಲ್ಲ.

ಇಷ್ಟನ್ನು ಒಪ್ಪಿದ ಮೇಲೆ ಮೇಷ್ಟ್ರನ್ನು ಒಂದು ಮಾತು ಕೇಳುತ್ತೇನೆ. ವರದಿಯಲ್ಲಿ ಸುಳ್ಳಿದೆಯೆಂದು ನಿಮಗೆ ಸಿಟ್ಟೋ, ಅದರಲ್ಲಿ ನಮ್ಮವರ ಹೆಸರಿದೆಯೆಂದು ಸಿಟ್ಟೋ?

ಪಕ್ಕದ ಶ್ರೀಲಂಕಾವನ್ನೇ ನೋಡಿ. ಎಲ್.ಟಿ.ಟಿ.ಇ. ಹುಲಿಗಳು ಶಾಲೆಗೆ ಹೋಗುವ ಮಕ್ಕಳನ್ನು ಎಳೆದೊಯ್ದು ಕೈಗೆ ಬಂದೂಕು ಕೊಡುತ್ತಿದ್ದುದನ್ನು ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2004ರಲ್ಲಿ ಬರೆದಾಗ, ಅದು ಹುಲಿಗಳ ಬೆಂಬಲಿಗರಿಗೆ ರುಚಿಸಲಿಲ್ಲ. ಅದೇ ಸಂಸ್ಥೆ 2009ರ ಫೆಬ್ರವರಿಯಲ್ಲಿ, ಹುಲಿಗಳು ಜನರನ್ನು ತಪ್ಪಿಸಿಕೊಂಡು ಹೋಗಲು ಬಿಡುತ್ತಿಲ್ಲ, ಸೈನ್ಯ ಆ ಜನರ ಮೇಲೆಯೇ ಶೆಲ್ ಹಾಕುತ್ತಿದೆ ಎಂದು ಎರಡನ್ನೂ ಒಂದೇ ವರದಿಯಲ್ಲಿ ಬರೆಯಿತು. ಆಗ ಕೊಲಂಬೋ ಸರ್ಕಾರಕ್ಕೆ ಅದೇ ಸಂಸ್ಥೆ ಪಕ್ಷಪಾತಿಯಾಯಿತು. ಸಂಸ್ಥೆ ಒಂದೇ; ಓದುವವರ ಕಣ್ಣು ಬೇರೆ.

ನಾನೇನೂ ಹೊರತಲ್ಲ. 1987ರ ದೀಪಾವಳಿಯಂದು ನಮ್ಮ ಮನೆಯಲ್ಲಿ ಎಣ್ಣೆಸ್ನಾನ, ಹೋಳಿಗೆ. ಅದೇ ದಿನ, ಅಕ್ಟೋಬರ್ 21ರಂದು, ಶಾಂತಿ ಕಾಪಾಡಲು ಹೋದ ನಮ್ಮ ಸೈನ್ಯ ಜಾಫ್ನಾದ ಆಸ್ಪತ್ರೆಗೆ ನುಗ್ಗಿ ವೈದ್ಯರನ್ನೂ ನರ್ಸುಗಳನ್ನೂ ರೋಗಿಗಳನ್ನೂ ಕೊಂದಿತು. ಎಷ್ಟೋ ವರ್ಷಗಳ ಮೇಲೆ ಇದನ್ನು ಓದಿದಾಗ ನನಗೆ ಮೊದಲು ಬಂದದ್ದು ಕಣ್ಣೀರಲ್ಲ, ಕೋಪ. ಇದನ್ನು ಬರೆದವರು ಹುಲಿಗಳ ಕಡೆಯವರೇ ಇರಬೇಕು ಎಂದುಕೊಂಡು ಪುಸ್ತಕ ಮುಚ್ಚಿಟ್ಟೆ. ಮತ್ತೆ ತೆರೆದು ನೋಡಿದರೆ, ಅದಕ್ಕೆ ಮೊದಲು ಅಂದು ಆಸ್ಪತ್ರೆಯೊಳಗೆ ಬಂದೂಕು ಹಿಡಿದ ಹುಲಿಗಳು ಬಂದದ್ದು, ಹೊರಟುಹೋಗಿ ಎಂದು ವೈದ್ಯರು ಅವರನ್ನು ಬೇಡಿಕೊಂಡದ್ದು ಎಲ್ಲವೂ ಅದರಲ್ಲೇ ಇತ್ತು. ನಾಚಿಕೆಯಾಯಿತು.

ಆ ಪುಸ್ತಕ ‘ದಿ ಬ್ರೋಕನ್ ಪಾಮೈರಾ’. ಬರೆದ ನಾಲ್ವರಲ್ಲಿ ಒಬ್ಬರು ರಜನಿ ತಿರಣಗಾಮ. ಜಾಫ್ನಾ ವಿಶ್ವವಿದ್ಯಾಲಯದಲ್ಲಿ ಅಂಗರಚನಾಶಾಸ್ತ್ರ ವಿಭಾಗದ ಮುಖ್ಯಸ್ಥೆ, ವೈದ್ಯೆ, ಇಬ್ಬರು ಹೆಣ್ಣುಮಕ್ಕಳ ತಾಯಿ. ತಮಿಳು ಮನೆಯ ಮಗಳು, ಕೈಹಿಡಿದದ್ದು ಸಿಂಹಳೀಯರನ್ನು. ಒಂದು ಕಾಲಕ್ಕೆ ಹುಲಿಗಳ ಕಡೆಗೆ ಒಲವಿದ್ದವರೇ. ಮೇಷ್ಟ್ರ ತಕ್ಕಡಿಗೆ ಹಾಕಿದರೆ ಆಕೆಯನ್ನು ಯಾವ ತಟ್ಟೆಯಲ್ಲಿಡುವುದು? ಆಕೆ ಮತ್ತು ಗೆಳೆಯರು ಸೇರಿ ಕಟ್ಟಿದ ಮಾನವ ಹಕ್ಕುಗಳ ಶಿಕ್ಷಕರ ಸಂಘ ಲಂಕೆಯ ಸೈನ್ಯ ಮಾಡಿದ್ದನ್ನು ಬರೆಯಿತು, ನಮ್ಮ ಸೈನ್ಯ ಮಾಡಿದ್ದನ್ನು ಬರೆಯಿತು, ಸ್ವಂತ ಜನರೆನಿಸಿಕೊಂಡ ಹುಲಿಗಳು ಮಾಡಿದ್ದನ್ನೂ ಬರೆಯಿತು. ಸೈನಿಕರ ಕೈಯಲ್ಲಿ ಮಾನ ಕಳೆದುಕೊಂಡ ಹೆಂಗಸರು ಊರಿನ ಬಾಯಿಗೆ ಹೆದರಿ ಯಾರೊಡನೆಯೂ ಆಡದ ಮಾತುಗಳನ್ನು ಕೇಳಿಸಿಕೊಂಡು ಬರೆದವರು ಇದೇ ರಜನಿ. ಹೆಣ್ಣು ಇನ್ನೊಬ್ಬ ಹೆಣ್ಣಿನ ಮುಂದಾದರೆ ಹೇಳಿಯಾಳು. ಹಾಗೆ ಕೇಳಿಸಿಕೊಳ್ಳುವ ಕೆಲಸಕ್ಕೂ ನಾವು ‘ರಾಜಕೀಯ’ ಎಂಬ ಚೀಟಿ ಅಂಟಿಸಿಬಿಡುತ್ತೇವೆ!

ಎರಡೂ ಕಡೆಯದನ್ನು ಬರೆದರೆ ಎರಡೂ ಕಡೆಯವರು ಮೆಚ್ಚುತ್ತಾರೆಂದು ತಿಳಿದರೆ ಅದು ನಮ್ಮ ಭ್ರಮೆ. ಒಂದು ಕಡೆಯವರಿಗಾದರೆ ಬೆನ್ನಿಗೆ ಒಂದು ಗುಂಪಿರುತ್ತದೆ, ಹಣ ಬರುತ್ತದೆ, ಜೈಕಾರ ಸಿಗುತ್ತದೆ. ಯಾರ ಕಡೆಯೂ ಅಲ್ಲದವರಿಗೆ ಊರಲ್ಲಿ ಜಗಲಿಯೂ ಇಲ್ಲ.

ವರದಿಗಳನ್ನು ಕಣ್ಣುಮುಚ್ಚಿ ನಂಬಿ ಎಂದು ನಾನು ಹೇಳುತ್ತಿಲ್ಲ. ದಿನಾಂಕವಿದೆಯೇ, ಊರಿನ ಹೆಸರಿದೆಯೇ, ನೋಡಿದವರ ಮಾತಿದೆಯೇ, ತಪ್ಪಾದಾಗ ತಪ್ಪೆಂದಿದ್ದಾರೆಯೇ ಎಂದು ಮಗ್ಗಿ ಒಪ್ಪಿಸಿಕೊಂಡ ಹಾಗೆ ಒಂದೊಂದಾಗಿ ನೋಡಿ. ಸುಳ್ಳಾಗಿದ್ದರೆ ಹರಿದೆಸೆಯಿರಿ. ‘ಅವರದನ್ನೇಕೆ ಬರೆಯಲಿಲ್ಲ’ ಎಂಬ ಒಂದೇ ಪ್ರಶ್ನೆಯಿಂದ ಮಾತ್ರ, ಬರೆದದ್ದು ಸುಳ್ಳಾಗುವುದಿಲ್ಲ. ಸತ್ತವರು ಎದ್ದು ಬರುವುದಿಲ್ಲ.

1989ರ ಸೆಪ್ಟೆಂಬರ್ 21ರಂದು ವಿಶ್ವವಿದ್ಯಾಲಯದಿಂದ ಸೈಕಲ್ಲಿನಲ್ಲಿ ಮನೆಗೆ ಹೊರಟಿದ್ದ ರಜನಿಯವರನ್ನು ದಾರಿಯಲ್ಲೇ ಗುಂಡಿಟ್ಟು ಕೊಂದರು. ಕೊಂದವರು ಹುಲಿಗಳೆಂಬುದು ಅವರ ಮನೆಯವರ, ಗೆಳೆಯರ ನಂಬಿಕೆ. ಯಾರಿಗೂ ಶಿಕ್ಷೆಯಾಗಲಿಲ್ಲ. ಆಕೆಗಾಗ ಮೂವತ್ತೈದು ವರ್ಷ. ಸಂಘದ ಗೆಳೆಯರು ಜಾಫ್ನಾ ಬಿಡಬೇಕಾಯಿತು. ತಲೆಮರೆಸಿಕೊಂಡಿದ್ದೇ ಮುಂದೆ ಎಷ್ಟೋ ವರ್ಷ ವರದಿ ಬರೆದರು, ಮೂರೂ ಕಡೆಯದನ್ನು.