ಕೂತಲ್ಲಿಂದ ಏಳಲಾಗದಿದ್ದರೆ ಸುಸ್ತೆಂದು ಸುಮ್ಮನಾಗಬೇಡಿ

ತೆರಕಣಾಂಬಿ ಹೋಬಳಿಯ ಅಣ್ಣಂದಿರೇ, ಅಕ್ಕಂದಿರೇ,

ಅರಿಶಿನದ ಹೊಲದಲ್ಲಿ, ಚೆಂಡುಹೂವಿನ ಸಾಲುಗಳಲ್ಲಿ ದಿನವಿಡೀ ಬಗ್ಗಿ ದುಡಿಯುವ ನಮಗೆ ಮೈಕೈ ನೋವು ಹೊಸದಲ್ಲ. ದುಡಿಮೆಯ ನೋವು ಎರಡು ದಿನ ಮಲಗೆದ್ದರೆ ಇಳಿಯುತ್ತದೆ. ಆದರೆ ವಾರಗಟ್ಟಲೆ ಶಕ್ತಿ ಕುಂದುತ್ತಲೇ ಹೋಗಿ, ಕುಕ್ಕರುಗಾಲಲ್ಲಿ ಕೂತವರು ಕೈಯೂರದೆ ಏಳಲಾರದೆ, ತಲೆ ಬಾಚಲು ತೋಳೆತ್ತಲಾರದೆ, ಬಸ್ಸಿನ ಮೆಟ್ಟಿಲು ಹತ್ತಲಾರದೆ ಹೋದರೆ ಅದು ಮಯೋಸೈಟಿಸ್, ಅಂದರೆ ಸ್ನಾಯುಗಳ ಉರಿಯೂತ ಇರಬಹುದು. ರೋಗದಿಂದ ಕಾಯಬೇಕಾದ ದೇಹದ ರಕ್ಷಣಾ ವ್ಯವಸ್ಥೆಯೇ ಸ್ನಾಯುಗಳ ಮೇಲೆ ತಿರುಗಿಬೀಳುವ ಕಾಯಿಲೆಯಿದು. ಅಪರೂಪದ್ದಾದ್ದರಿಂದಲೇ ಕಣ್ತಪ್ಪುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಕಣ್ಣುರೆಪ್ಪೆ ಕೆನ್ನೀಲಿಯಾಗುವುದು, ಬೆರಳಿನ ಗೆಣ್ಣುಗಳ ಮೇಲೆ ಕೆಂಪು ಗುಳ್ಳೆ, ನುಂಗಲು ತೊಂದರೆ, ಒಣಕೆಮ್ಮು, ಏದುಸಿರು ಕೂಡ ಇದರ ಗುರುತುಗಳು.

ಇಂಥವರಿಗೆ ಗ್ಲೂಕೋಸ್ ಬಾಟಲಿ ಹಾಕಿಸಿ ಕಾಲ ಕಳೆಯಬೇಡಿ. ಮೊದಲು ಸಿ.ಕೆ. (ಸ್ನಾಯುಗಳಿಗೆ ಹಾನಿಯಾದಾಗ ರಕ್ತದಲ್ಲಿ ಏರುವ ಕಿಣ್ವ) ರಕ್ತಪರೀಕ್ಷೆ ಮಾಡಿಸಿ. ವೈದ್ಯರಿಗೆ ಅನುಮಾನ ಬಂದರೆ ಮಯೋಸೈಟಿಸ್ ಆಟೋಆಂಟಿಬಾಡಿ, ಅಂದರೆ ಸ್ವಂತ ದೇಹದ ಮೇಲೆಯೇ ತಿರುಗಿಬಿದ್ದ ಪ್ರತಿಕಾಯಗಳ ಪರೀಕ್ಷೆಯ ಬಗ್ಗೆ ಕೇಳಿ. ಅದಕ್ಕೂ ಸ್ವಲ್ಪ ರಕ್ತ ಸಾಕು; ತಿಳಿಯುವುದು ಮಾತ್ರ ಬಹಳ. ಜೋ-1 ಎಂಬ ಆಂಟಿಬಾಡಿ ಕಂಡರೆ ಶ್ವಾಸಕೋಶವನ್ನೂ ಪರೀಕ್ಷಿಸಬೇಕು. ಎಂಡಿಎ-5 ಇದ್ದವರಲ್ಲಿ ಸಿ.ಕೆ. ಸರಿಯಿದ್ದರೂ ಶ್ವಾಸಕೋಶ ಬೇಗನೆ ಕೆಡಬಹುದು. ಅಲ್ಲಿ ತಡ ಮಾಡಿದರೆ ಜೀವಕ್ಕೇ ಅಪಾಯ. ಟಿಐಎಫ್-1 ಗಾಮಾ ಕಂಡ ವಯಸ್ಕರಲ್ಲಿ ಕ್ಯಾನ್ಸರ್ ಅಡಗಿದೆಯೇ ಎಂದು ಹುಡುಕಬೇಕು. ಕೊಲೆಸ್ಟರಾಲ್‌ಗೆ ಸ್ಟ್ಯಾಟಿನ್ ಮಾತ್ರೆ ನುಂಗಿದ ಕೆಲವರಲ್ಲಿ ಎಚ್‌ಎಂಜಿಸಿಆರ್ ಆಂಟಿಬಾಡಿ ಕಾಣುತ್ತದೆ.

ಎಎನ್‌ಎ ಎಂಬ ಸಾಮಾನ್ಯ ಆಟೋಆಂಟಿಬಾಡಿ ಪರೀಕ್ಷೆಯಲ್ಲಿ ಏನೂ ಇಲ್ಲ ಎಂದು ಬಂದರೂ ನಿಶ್ಚಿಂತರಾಗಬೇಡಿ. ಜೋ-1ರಂಥವು ಅದರಲ್ಲಿ ತಪ್ಪಿಹೋಗಬಹುದು. ಹಾಗೆಯೇ ಮಯೋಸೈಟಿಸ್ ಪರೀಕ್ಷೆಯಲ್ಲಿ ಒಂದು ಆಂಟಿಬಾಡಿ ತುಸುವೇ ಕಂಡಿತೆಂದು ಎದೆಗುಂದಲೂಬೇಡಿ. ರೋಗಿಯ ಲಕ್ಷಣಗಳ ಜತೆಗಿಟ್ಟು ನೋಡಿದಾಗಲೇ ಆ ವರದಿಗೆ ಅರ್ಥ.

ಊರಿನ ಆಶಾ ಕಾರ್ಯಕರ್ತೆಯರೇ, ಮನೆಮನೆಗೆ ಹೋದಾಗ ನೆಲದಿಂದ ಏಳಲು ಒದ್ದಾಡುವವರನ್ನು ಗಮನಿಸಿ, ಆಸ್ಪತ್ರೆಗೆ ಕಳಿಸಿ. ಮನೆಯವರೇ, ಚಾಮರಾಜನಗರದ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಕರೆದೊಯ್ಯಿರಿ. ಬೇಕೆಂದರೆ ಮೈಸೂರಿನ ಕೆ.ಆರ್. ಆಸ್ಪತ್ರೆಗೆ, ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗಲು ಹಿಂಜರಿಯಬೇಡಿ. ಹಳೆಯ ವರದಿಗಳೆಲ್ಲ ಜತೆಯಲ್ಲಿರಲಿ. ಚಿಕಿತ್ಸೆ ಶುರುವಾದ ಮೇಲೆ ಸ್ಟಿರಾಯ್ಡ್ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ.

ಬೇಗ ಗುರುತಿಸಿದರೆ ಇದಕ್ಕೆ ಔಷಧವಿದೆ. ಎಷ್ಟೋ ಜನ ಮತ್ತೆ ದುಡಿಯುವಷ್ಟು ಚೇತರಿಸಿಕೊಳ್ಳುತ್ತಾರೆ. ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಇಂಥವರಿದ್ದರೆ, ದಯವಿಟ್ಟು ಈ ವಾರವೇ ವೈದ್ಯರಿಗೆ ತೋರಿಸಿ.