ಹರಾಜು ಕೂಗುವ ಮುನ್ನ ಹೆಸರು ಕೇಳಿ

ಕಳೆದ ಬೇಸಿಗೆ ರಜೆಯಲ್ಲಿ ನಮ್ಮ ಪಕ್ಕದ ಹಳ್ಳಿಯಲ್ಲಿ ಒಂದು ಹರಾಜು ನಡೆಯಿತು. ತುಮಕೂರು ಜಿಲ್ಲೆಯ ಆ ಊರಿನ ಹಳೆಯ ತೊಟ್ಟಿಮನೆಯೊಂದನ್ನು ಕೆಡವಿ ಆರ್‌ಸಿಸಿ ಮನೆ ಕಟ್ಟಲು ಅಣ್ಣತಮ್ಮಂದಿರು ತೀರ್ಮಾನಿಸಿದ್ದರು. ಜಮೀನು ಭಾಗವಾಗಿ ಎಷ್ಟೋ ವರ್ಷವಾಗಿತ್ತು. ಅಟ್ಟದ ಮೇಲಿನ ಸಾಮಾನು ಮಾತ್ರ ಯಾರಿಗೂ ಬೇಡವಾಗಿ, ಹಾಗಂತ ಯಾರೂ ಬಿಟ್ಟೂ ಕೊಡದೆ ಅಲ್ಲೇ ಉಳಿದಿತ್ತು. ಕೊನೆಗೆ ಊರಿನ ಹಿರಿಯರೊಬ್ಬರು, ‘ಎಲ್ಲಾ ಇಳಿಸಿ ತೊಟ್ಟೀಲಿ ಹಾಕಿ ಕೂಗಿಬಿಡ್ರಪ್ಪ, ಬಂದ ದುಡ್ಡು ಸಮವಾಗಿ ಹಂಚ್ಕೊಳ್ಳಿ’ ಎಂದು ಜಗಳ ಬಗೆಹರಿಸಿದರು.

ಕೊಳ್ಳುವ ಉದ್ದೇಶ ನನಗಿರಲಿಲ್ಲ. ಗೆಳೆಯರ ಜೊತೆ ಸುಮ್ಮನೆ ನೋಡಲು ಹೋದವನು ಅರ್ಧ ದಿನ ಅಲ್ಲೇ ನಿಂತೆ. ತಾಮ್ರದ ಹಂಡೆ, ಹಿತ್ತಾಳೆ ಕೊಳಗ, ಲಾಟೀನು, ಅಡಕತ್ತರಿ, ಶಾವಿಗೆ ಒತ್ತು, ಬೀಸುವ ಕಲ್ಲು, ಒನಕೆ, ಕಡೆಗೋಲು, ಈಳಿಗೆಮಣೆ, ಅಳಗುಳಿಮಣೆ, ಕೂರಿಗೆ, ಎತ್ತಿನ ಕೊರಳಿನ ಗಂಟೆ. ಕೆಲವನ್ನು ಅಜ್ಜಿಯ ಮನೆಯಲ್ಲಿ ಕಂಡಿದ್ದೆ. ಕೆಲವನ್ನು ಪಠ್ಯಪುಸ್ತಕದ ಚಿತ್ರದಲ್ಲಿ ನೋಡಿದ್ದೆ. ಅರ್ಧಕ್ಕರ್ಧ ವಸ್ತುಗಳು ಏನೆಂದೇ ತಿಳಿಯಲಿಲ್ಲ.

ಬಂದವರಲ್ಲಿ ಮೂರು ಗುಂಪು. ಗುಜರಿಯವರು ತಕ್ಕಡಿ ತಂದಿದ್ದರು. ಅವರಿಗೆ ಬೇಕಿದ್ದುದು ತೂಕ. ಬೆಂಗಳೂರಿನಿಂದ ಬಂದಿದ್ದ ಹಳೆ ಸಾಮಾನಿನ ವ್ಯಾಪಾರಿಗಳಿಗೆ ಬೇಕಿದ್ದುದು ಅಂದ. ಹೋಟೆಲ್ಲಿಗೋ ರೆಸಾರ್ಟಿಗೋ ಒಪ್ಪುತ್ತದೆಯೇ ಎಂದು ನೋಡುತ್ತಿದ್ದರು. ಊರಿನವರು ಹಂಡೆ, ಏಣಿ, ತೊಲೆಗಳಂಥ ಇಂದಿಗೂ ಉಪಯೋಗಕ್ಕೆ ಬರುವುದನ್ನು ಹುಡುಕುತ್ತಿದ್ದರು. ಒಂದು ವಸ್ತುವನ್ನು ಎತ್ತಿ ಹಿಡಿದು, ‘ಇದನ್ನು ಯಾವುದಕ್ಕೆ ಬಳಸುತ್ತಿದ್ದರು?’ ಎಂದು ಕೇಳಿದವರು ಯಾರೂ ಇರಲಿಲ್ಲ. ಕೂಗುವವನಿಗೂ ಗೊತ್ತಿರಲಿಲ್ಲ. ‘ಇದು ಯಾವುದೋ ಮರದ ಸಾಮಾನು, ಇನ್ನೂರು! ಒಂದು ಸಾರಿ, ಎರಡು ಸಾರಿ...’ ಎಂದು ಕೂಗುತ್ತಿದ್ದ.

ಮಧ್ಯಾಹ್ನದ ಹೊತ್ತಿಗೆ ಎರಡಡಿ ಅಗಲದ ಮರದ ಗಾಲಿಯೊಂದು ಹರಾಜಿಗೆ ಬಂತು. ಅಂಚಿನಲ್ಲಿ ಹಗ್ಗ ಕೂರುವಷ್ಟು ಆಳದ ತೋಡು, ನಡುವೆ ಸವೆದ ಕಬ್ಬಿಣದ ಅಚ್ಚು. ವ್ಯಾಪಾರಿಗಳ ನಡುವೆ ಪೈಪೋಟಿ ಎದ್ದು, ಮೂರು ಸಾವಿರದ ಇನ್ನೂರಕ್ಕೆ ನಿಂತಿತು. ಗೋಡೆಗೆ ನೇತುಹಾಕಿದರೆ ಚೆನ್ನಾಗಿ ಕಾಣುತ್ತದೆ ಎಂದು ಗೆದ್ದವರು ಹೇಳಿದರು. ಅದಕ್ಕೂ ಮೊದಲೇ ಒಂದು ರಾಶಿ ಮುರುಕು ಮರ ಸೌದೆ ಲೆಕ್ಕದಲ್ಲಿ ನೂರೈವತ್ತು ರೂಪಾಯಿಗೆ ಹೋಗಿತ್ತು.

ನನ್ನ ಪಕ್ಕದಲ್ಲಿ ನಿಂತಿದ್ದ ತಾತ ಒಬ್ಬರು ಮೆಲ್ಲಗೆ ನಕ್ಕರು. ‘ಬರೀ ಗಾಲಿ ತಗೊಂಡು ಏನ್ ಮಾಡ್ತಾರಪ್ಪ? ಅದು ಕಪಿಲೆ ಗಾಲಿ. ಅದರ ಜೋಡಿ ಅಲ್ಲಿ ಸೌದೇಲಿ ಬಿದ್ದೈತೆ ನೋಡು’ ಎಂದರು. ಅವರು ತೋರಿಸಿದ ಕಡೆ ಮೊಳದುದ್ದದ ಮರದ ಉರುಳೆಯೊಂದು ಬಿದ್ದಿತ್ತು. ನಾನು ಅದನ್ನು ಮಂಚದ ಕಾಲು ಅಂದುಕೊಂಡಿದ್ದೆ.

‘ನೀನು ಏನು ಓದ್ತಿದೀಯ?’ ಎಂದು ಕೇಳಿದರು. ಮೆಕ್ಯಾನಿಕಲ್ ಇಂಜಿನಿಯರಿಂಗ್ ಎಂದೆ. ‘ಹಂಗಾದ್ರೆ ಕೇಳು’ ಎಂದು ಜಗಲಿಯ ಮೇಲೆ ಕೂತರು.

ಬಾವಿಯಿಂದ ಎತ್ತುಗಳು ನೀರೆತ್ತುವ ಸಾಧನವೇ ಕಪಿಲೆ. ಬಾವಿಯ ಬಾಯಿಗೆ ಅಡ್ಡಲಾಗಿ, ಎತ್ತರದಲ್ಲಿ ಆ ಗಾಲಿ. ಅದರ ಮೇಲೆ ಹಾದುಹೋಗುವ ದಪ್ಪ ಹಗ್ಗಕ್ಕೆ ದೊಡ್ಡ ಚರ್ಮದ ಬಾನಿ. ಬಾನಿಯ ತಳದಲ್ಲಿ ಆನೆಯ ಸೊಂಡಿಲಿನಂಥ ಚರ್ಮದ ಕೊಳವೆ. ಸೊಂಡಿಲಿನ ತುದಿಗೆ ಇನ್ನೊಂದು ತೆಳು ಹಗ್ಗ. ಅದು ಹಾದುಹೋಗುವುದು ಬಾವಿಯ ಅಂಚಿನಲ್ಲಿ, ತಗ್ಗಿನಲ್ಲಿರುವ ಉರುಳೆಯ ಮೇಲೆ. ಎರಡೂ ಹಗ್ಗಗಳ ಇನ್ನೊಂದು ತುದಿ ಒಂದೇ ನೊಗಕ್ಕೆ. ಎತ್ತುಗಳು ಇಳಿಜಾರಿನಲ್ಲಿ ಕೆಳಗೆ ನಡೆದಾಗ ಬಾನಿ ಮೇಲೆ ಬರುತ್ತದೆ. ಹೊಡೆಯುವವನು ಹಗ್ಗದ ಮೇಲೆ ಕೂತು ತನ್ನ ಮೈಭಾರವನ್ನೂ ಸೇರಿಸುತ್ತಾನೆ. ಅಲ್ಲಿಯವರೆಗೆ ಸೊಂಡಿಲು ಮೇಲಕ್ಕೆ ಮಡಚಿಕೊಂಡಿರುವುದರಿಂದ ನೀರು ಚೆಲ್ಲುವುದಿಲ್ಲ. ಬಾನಿ ಬಾವಿಯ ಅಂಚು ದಾಟಿ ಗಾಲಿಯತ್ತ ಏರುತ್ತಲೇ ಇರುತ್ತದೆ. ಸೊಂಡಿಲಿನ ತುದಿ ಮಾತ್ರ ಉರುಳೆಯ ಮೇಲಿಂದ ತೊಟ್ಟಿಯ ಕಡೆಗೆ ಚಾಚಿಕೊಳ್ಳುತ್ತದೆ. ನೀರೆಲ್ಲ ತಾನಾಗಿ ಕಾಲುವೆಗೆ. ಬಾನಿ ಬಗ್ಗಿಸಲು ಇನ್ನೊಬ್ಬ ಆಳು ಬೇಡ, ಮುಚ್ಚಿ ತೆರೆಯಲು ಕವಾಟ ಬೇಡ.

ನಾನು ದಂಗಾದೆ. ಕಾಲೇಜಿನಲ್ಲಿ ಇಂಥದ್ದನ್ನು ‘ಸ್ವಯಂಚಾಲಿತ’ ಎನ್ನುತ್ತೇವೆ. ರಾಟೆಯ ಲೆಕ್ಕ, ಇಳಿಜಾರಿನ ಲೆಕ್ಕ ಎಷ್ಟೋ ಬಿಡಿಸಿದ್ದೇನೆ, ಅಂಕವನ್ನೂ ಪಡೆದಿದ್ದೇನೆ. ಅದೇ ಲೆಕ್ಕ ಮರವಾಗಿ, ಚರ್ಮವಾಗಿ ಎದುರಿಗೆ ಬಿದ್ದಿದ್ದಾಗ ಅದನ್ನು ಮಂಚದ ಕಾಲು ಅಂದುಕೊಂಡೆ.

‘ನಿಮಗೆ ಇದೆಲ್ಲ ಹೇಗೆ ಗೊತ್ತು ತಾತ?’ ಎಂದೆ. ‘ನಮ್ಮಪ್ಪ ಬಾನಿ ಹೊಲೀತಿದ್ದ. ಈ ಮನೆ ಬಾನೀನೂ ಅವನೇ ಹೊಲಿದಿದ್ದು. ಆದ್ರೆ ಈ ತೊಟ್ಟಿ ಒಳಕ್ಕೆ ನಾನು ಕಾಲಿಟ್ಟಿದ್ದು ಇವತ್ತೇ ಮೊದಲು’ ಎಂದರು. ಕೋಪದಿಂದಲ್ಲ, ಹೊತ್ತು ಎಷ್ಟಾಯಿತು ಎಂದು ಹೇಳುವಷ್ಟೇ ಸಹಜವಾಗಿ.

ಅವರು ಹೇಳಿದ್ದನ್ನು ಆಮೇಲೆ ಬಹಳ ಯೋಚಿಸಿದೆ. ಆ ಮನೆಯವರಿಗೆ ತಮ್ಮದೇ ಅಟ್ಟದ ಗಾಲಿ ಏನೆಂದು ಗೊತ್ತಿರಲಿಲ್ಲ. ಗೊತ್ತಿದ್ದವರನ್ನು ಆ ಮನೆ ಇಷ್ಟು ಕಾಲ ಹೊಸ್ತಿಲಾಚೆ ನಿಲ್ಲಿಸಿತ್ತು. ಗಾಲಿ ಕಡೆದ ಬಡಗಿ, ಅಚ್ಚು ಬಡಿದ ಕಮ್ಮಾರ, ಚರ್ಮ ಹದ ಮಾಡಿ ಹೊಲಿದವರು ಸುಗ್ಗಿಯ ಕಾಲದಲ್ಲಿ ಕಣದಿಂದ ಆಯದ ಕಾಳು ಪಡೆದು ಕೆಲಸ ಮಾಡುತ್ತಿದ್ದರು. ಬಾನಿ ಹೊಲಿದವರು ಅದೇ ಬಾವಿಯ ನೀರು ಮುಟ್ಟುವಂತಿರಲಿಲ್ಲ. ಹಳೆಯ ವಸ್ತುಗಳ ಬಗ್ಗೆ ಮಾತನಾಡುವಾಗ ‘ನಮ್ಮ ಪೂರ್ವಜರ ಜ್ಞಾನ’ ಎಂದು ಎದೆಯುಬ್ಬಿಸುವುದು ಸುಲಭ. ಯಾರ ಪೂರ್ವಜರು, ಯಾರ ಜ್ಞಾನ ಎಂದು ಕೇಳಿದರೆ ಮಾತು ತಡವರಿಸುತ್ತದೆ.

ಹಾಗೆಂದು ಹಳೆಯದೆಲ್ಲ ಚೆನ್ನಾಗಿತ್ತು, ಅದಕ್ಕೇ ಮರಳೋಣ ಎಂಬುದು ನನ್ನ ವಾದವಲ್ಲ. ಹಾಗೆ ಹೇಳಲು ನನ್ನ ಅಜ್ಜಿಯೇ ಬಿಡುವುದಿಲ್ಲ. ಹರಾಜಿನಲ್ಲಿ ಬೀಸುವ ಕಲ್ಲು ನೂರು ರೂಪಾಯಿಗೆ ಹೋಯಿತು ಎಂದು ಬೇಸರದಿಂದ ಹೇಳಿದಾಗ ಅವರು, ‘ಹೋದ್ರೆ ಹೋಗ್ಲಿ ಬಿಡು. ಕತ್ತಲಲ್ಲೇ ಎದ್ದು ರಾಗಿ ಬೀಸಿ ಬೀಸಿ ನನ್ನ ರಟ್ಟೆ ಬಿದ್ದುಹೋಗಿತ್ತು. ಊರಿಗೆ ಮಿಲ್ಲು ಬಂದ ದಿನ ನನಗೆ ಹಬ್ಬ’ ಎಂದರು. ಆದರೆ ಹೀಗೆ ಹೇಳಿದ ಅಜ್ಜಿಯೇ ಮುಂದಿನ ಅರ್ಧ ಗಂಟೆ ಆ ಕಲ್ಲಿನ ಬಗ್ಗೆಯೇ ಮಾತನಾಡಿದರು. ಸವೆದ ಕಲ್ಲಿಗೆ ಮತ್ತೆ ಉಳಿಪೆಟ್ಟು ಹಾಕಿಸದಿದ್ದರೆ ಹಿಟ್ಟು ನುಣ್ಣಗಾಗುವುದಿಲ್ಲ, ಒಂದು ಸಲಕ್ಕೆ ಎಷ್ಟು ಕಾಳು ಹಾಕಬೇಕು, ಗೂಟ ಸಡಿಲವಾದರೆ ಏನು ಮಾಡಬೇಕು, ಇಬ್ಬರು ಎದುರುಬದುರು ಕೂತು ಬೀಸುವಾಗ ಕೈ ಹೇಗೆ ಹೊಂದಿಸಬೇಕು. ಕಲ್ಲು ಬೇಡವಾಗಿದ್ದರೂ ಆ ತಿಳಿವಳಿಕೆಯನ್ನು ಅವರು ಎಸೆದಿರಲಿಲ್ಲ. ಇಪ್ಪತ್ತು ವರ್ಷದಲ್ಲಿ ನಾನು ಒಮ್ಮೆಯೂ ಕೇಳಿರಲಿಲ್ಲ, ಅಷ್ಟೆ.

ನಾನು ಹೇಳಬೇಕೆಂದಿರುವುದೂ ಇದನ್ನೇ. ವಸ್ತುಗಳನ್ನು ಮಾರುವುದು ತಪ್ಪಲ್ಲ. ಎಲ್ಲರ ಮನೆಯಲ್ಲೂ ಅಟ್ಟವಿಲ್ಲ, ಎಲ್ಲವನ್ನೂ ಇಟ್ಟುಕೊಳ್ಳಲು ಸಾಧ್ಯವೂ ಇಲ್ಲ. ಆದರೆ ಹೆಸರು ಕೇಳದೆ, ಬಳಕೆ ತಿಳಿಯದೆ, ಜೋಡಿ ಹುಡುಕದೆ ಮಾರುವುದು ತಪ್ಪು. ಗಾಲಿ ಒಂದು ಕಡೆ, ಉರುಳೆ ಇನ್ನೊಂದು ಕಡೆ ಹೋದ ಮೇಲೆ ಕಪಿಲೆ ಎಂಬ ಯಂತ್ರವೇ ಉಳಿಯುವುದಿಲ್ಲ. ಎರಡು ಮರದ ತುಂಡುಗಳು ಉಳಿಯುತ್ತವೆ.

ಕೊಳಗವನ್ನೇ ತೆಗೆದುಕೊಳ್ಳಿ. ಗುಜರಿಯವರಿಗೆ ಅದು ಇಷ್ಟು ಕೆ.ಜಿ. ಹಿತ್ತಾಳೆ. ಆದರೆ ನಾಲ್ಕು ಪಾವಿಗೆ ಒಂದು ಸೇರು, ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ ಎಂಬ ಲೆಕ್ಕದಲ್ಲಿ ಊರಿನ ಕೂಲಿ, ಆಯ, ಸಾಲ ಎಲ್ಲವೂ ನಡೆಯುತ್ತಿತ್ತು. ಬಿತ್ತುವ ಬೀಜದ ಅಳತೆಯಿಂದಲೇ ‘ಖಂಡುಗದ ಗದ್ದೆ’ ಎಂದು ಭೂಮಿಯನ್ನೂ ಅಳೆಯುತ್ತಿದ್ದರು. 1956ರಲ್ಲಿ ತೂಕ ಮತ್ತು ಅಳತೆಗಳ ಕಾಯ್ದೆ ಬಂದು, ನಂತರ ದೇಶವಿಡೀ ಮೆಟ್ರಿಕ್ ಪದ್ಧತಿಗೆ ಹೊರಳಿತು. ಅದು ಒಳ್ಳೆಯದೇ ಆಯಿತು. ಆದರೆ ತಾತನ ಕಾಲದ ಒಂದು ಸಾಲಪತ್ರ ಓದಿ ಅರ್ಥ ಮಾಡಿಕೊಳ್ಳಬೇಕಾದರೆ ಈ ಲೆಕ್ಕ ಗೊತ್ತಿರಬೇಕು.

ಇಂಥ ಕೆಲಸವನ್ನು ದೊಡ್ಡ ಮಟ್ಟದಲ್ಲಿ ಮಾಡಿದವರು ನಮ್ಮಲ್ಲಿದ್ದಾರೆ. ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಜಾನಪದ ಲೋಕವನ್ನು ಕಟ್ಟಿದರು. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಕೆಡವಲು ಹೊರಟಿದ್ದ ಹಳೆಯ ಮನೆಗಳನ್ನೇ ಬಿಚ್ಚಿ ತಂದು ಮತ್ತೆ ನಿಲ್ಲಿಸಿದರು. ಬೆಂಗಳೂರು–ಮೈಸೂರು ರಸ್ತೆಯಲ್ಲಿ ಓಡಾಡುವ ನಾವು ಜಾನಪದ ಲೋಕದ ಮುಂದೆ ಎಷ್ಟು ಸಲ ಬಸ್ಸಿನಲ್ಲಿ ಹಾದುಹೋಗಿದ್ದೇವೆ, ಎಷ್ಟು ಸಲ ಇಳಿದಿದ್ದೇವೆ ಎಂದು ಲೆಕ್ಕ ಹಾಕಿದರೆ ನಾಚಿಕೆಯಾಗುತ್ತದೆ. ಆದರೆ ವಸ್ತುಸಂಗ್ರಹಾಲಯಗಳು ಪ್ರತಿ ಹಳ್ಳಿಯ ಪ್ರತಿ ಅಟ್ಟಕ್ಕೂ ಬರಲಾರವು. ಅಲ್ಲಿಗೆ ಹೋಗಬಲ್ಲವರು ನಾವು. ನಮ್ಮ ಕೈಯಲ್ಲಿ ಮೊಬೈಲ್ ಇದೆ, ರಜೆಯೂ ಇದೆ.

ಮಾಡಬೇಕಾದದ್ದು ದೊಡ್ಡದೇನಲ್ಲ. ಮನೆಯಲ್ಲೋ ನೆಂಟರಲ್ಲೋ ಹಳೆಯ ಸಾಮಾನು ವಿಲೇವಾರಿಯಾಗುವ ಸುದ್ದಿ ಬಂದರೆ ಒಂದು ದಿನ ಮೊದಲೇ ಹೋಗಿ. ಪ್ರತಿ ವಸ್ತುವಿಗೂ ಐದು ಪ್ರಶ್ನೆ ಕೇಳಿ: ನಿಮ್ಮೂರಿನಲ್ಲಿ ಇದರ ಹೆಸರೇನು? ಯಾರು ಮಾಡಿದ್ದು? ಯಾರು ಬಳಸುತ್ತಿದ್ದರು? ಯಾವುದರ ಜೊತೆ ಸೇರುತ್ತಿತ್ತು? ಯಾಕೆ ಬಿಟ್ಟಿರಿ? ಟೇಪು ಹಿಡಿದು ಅಳತೆ ಬರೆದುಕೊಳ್ಳಿ, ಎಲ್ಲಾ ಕಡೆಯಿಂದ ಫೋಟೊ ತೆಗೆಯಿರಿ. ಬಳಸಿ ಗೊತ್ತಿರುವವರು ಇದ್ದರೆ ಅವರ ಕೈ ಹೇಗೆ ಆಡುತ್ತದೆ ಎಂದು ಒಂದು ನಿಮಿಷ ವಿಡಿಯೊ ಮಾಡಿ. ಮುಖ್ಯವಾಗಿ, ಮನೆಯ ಯಜಮಾನರನ್ನಷ್ಟೇ ಕೇಳಬೇಡಿ. ಅಡುಗೆಮನೆಯಲ್ಲಿದ್ದವರನ್ನು, ಕೂಲಿಗೆ ಬಂದವರನ್ನು, ಮಾಡಿಕೊಟ್ಟವರ ಮಕ್ಕಳನ್ನು ಕೇಳಿ. ಓಲೆಗರಿಯ ಕಟ್ಟು, ಹಳೆಯ ವಿಗ್ರಹ ಕಂಡರೆ ಹರಾಜಿಗೆ ಹಾಕಬೇಡಿ ಎಂದು ಮನೆಯವರಿಗೆ ಹೇಳಿ. 1972ರ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಇಂಥ ವಸ್ತುಗಳು, 75 ವರ್ಷ ದಾಟಿದ ಮಹತ್ವದ ಹಸ್ತಪ್ರತಿಗಳು ಪುರಾತನ ವಸ್ತುಗಳ ಸಾಲಿಗೆ ಸೇರುತ್ತವೆ. ಅವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು, ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ.

ಇದರಿಂದ ಕೆಲಸ ಸಿಗುತ್ತದೆಯೇ ಎಂದು ನನ್ನ ರೂಂಮೇಟ್ ಕೇಳಿದ. ಸಿಗುತ್ತದೆ ಎಂದು ಸುಳ್ಳು ಹೇಳಲಾರೆ. ಆದರೆ ಪ್ರಾಜೆಕ್ಟ್‌ಗೆ ವಿಷಯ ಸಿಗುತ್ತಿಲ್ಲ ಎಂದು ಕಳೆದ ಸೆಮಿಸ್ಟರಿನಲ್ಲಿ ತಲೆ ಕೆರೆದುಕೊಂಡವರು ನಾವೇ ಅಲ್ಲವೇ? ಸುತ್ತ ಕಣ್ಣು ಹಾಯಿಸಿ, ಗೊತ್ತಿರುವವರನ್ನು ಕೇಳಿ, ಅಳೆದು ಬರೆಯುವುದೇ ಇಂಜಿನಿಯರನ ಮೊದಲ ಪಾಠ.

ಉರುಳೆಯನ್ನು ಸೌದೆ ಕೊಂಡವರಿಂದ ಐವತ್ತು ರೂಪಾಯಿ ಕೊಟ್ಟು ಬಿಡಿಸಿಕೊಂಡೆ. ಗಾಲಿ ಬೆಂಗಳೂರಿಗೆ ಹೋಯಿತು. ಹಾಸ್ಟೆಲಿಗೆ ಬಂದು ಕಂಪ್ಯೂಟರಿನಲ್ಲಿ ಕಪಿಲೆಯ ಮಾದರಿ ಬಿಡಿಸಲು ಕೂತೆ. ನನ್ನ ಚಿತ್ರದಲ್ಲಿ ಬಾನಿ ಅರ್ಧ ಬಾವಿ ಏರುವಷ್ಟರಲ್ಲೇ ನೀರು ಖಾಲಿಯಾಗುತ್ತಿತ್ತು. ಎಲ್ಲಿ ತಪ್ಪಿದೆ ಎಂದು ತಿಳಿಯದೆ ತಾತನ ಮೊಮ್ಮಗನಿಗೆ ಫೋನ್ ಮಾಡಿ ಅವರಿಗೆ ಕೊಡಿಸಿಕೊಂಡೆ. ‘ತೆಳು ಹಗ್ಗ ಉದ್ದ ಆಗೈತೆ ಕಣಪ್ಪ. ಸೊಂಡಿಲ ಬಾಯಿ ಯಾವಾಗಲೂ ಬಾನಿ ನೀರಿಗಿಂತ ಮೇಲೇ ಇರಬೇಕು. ಒಂದು ಗೇಣು ಕಮ್ಮಿ ಮಾಡಿ ನೋಡು’ ಎಂದರು.

ಕಮ್ಮಿ ಮಾಡಿದೆ. ನೀರು ನಿಂತಿತು. ದಸರಾ ರಜೆಗೆ ಹೋದಾಗ ಅವರಿಗೆ ತೋರಿಸಬೇಕು. ಇನ್ನೂ ಕೇಳಬೇಕಾದ್ದು ಬಹಳ ಇದೆ. ಅವರಿಗೆ ಎಂಬತ್ತು ದಾಟಿದೆ.