ಗಾಯ ಮಾಗಿದ ಮೇಲೂ ಉಳಿಯುವ ಆರ್ತ

ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆ ಮುಗಿದು ಹೊಲಿಗೆ ಬಿಚ್ಚಿದ ದಿನ ಮನೆಯವರು ನೆಮ್ಮದಿಯ ಉಸಿರು ಬಿಡುತ್ತಾರೆ. ರೋಗಿಯ ಮನಸ್ಸಿನ ಕಷ್ಟ ಬಹುಮಟ್ಟಿಗೆ ಆರಂಭವಾಗುವುದು ಆಗಲೇ. ಕನ್ನಡಿಯೆದುರು ನಿಲ್ಲಲು ಸಂಕೋಚ. ಕಂಕುಳಿನ ಗ್ರಂಥಿಗಳನ್ನು ತೆಗೆದಿದ್ದರೆ ತೋಳು ಬಾತೀತೆಂಬ ಭಯ. ಪ್ರತಿ ತಪಾಸಣೆಗೆ ಮುನ್ನ ನಿದ್ರೆಯಿಲ್ಲದ ರಾತ್ರಿ.

ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಆರ್ತಧ್ಯಾನವನ್ನು ನಾಲ್ಕು ಬಗೆಯಾಗಿ ವಿಂಗಡಿಸಿದ್ದಾರೆ. ಇಷ್ಟವಾದುದು ಅಗಲಿದಾಗ ಅದನ್ನೇ ನೆನೆನೆನೆದು ಕೊರಗುವುದು ಒಂದು. ವೇದನೆಯಲ್ಲಿಯೇ ಚಿತ್ತ ನೆಲೆಯೂರುವುದು ಇನ್ನೊಂದು. ಅಂಗವನ್ನು ಕಳೆದುಕೊಂಡವಳಿಗೆ ಇವೆರಡೂ ಒಟ್ಟಿಗೆ ಎದುರಾಗುತ್ತವೆ. ಇದು ಅಜ್ಞಾನಿಗಳಿಗಷ್ಟೇ ಬರುವ ಸ್ಥಿತಿಯಲ್ಲ. ಅಣುವ್ರತಧಾರಿ ಶ್ರಾವಕರಿಗೂ ಪ್ರಮತ್ತಸಂಯತ ಮುನಿಗಳಿಗೂ ಆರ್ತಧ್ಯಾನ ಸಂಭವಿಸುತ್ತದೆಂದು ಅದೇ ಗ್ರಂಥ ಹೇಳುತ್ತದೆ. ಹೀಗಿರುವಾಗ ಅತ್ತ ಹೆಣ್ಣುಮಗಳನ್ನು ಶ್ರದ್ಧೆ ಸಾಲದವಳೆಂದು ಹಳಿಯುವ ಅಧಿಕಾರ ಯಾರಿಗಿದೆ?

ನೋಡಲು ಬಂದವರು ಆಡುವ ಇನ್ನೊಂದು ಮಾತುಂಟು: ‘ಎಲ್ಲ ಪೂರ್ವಜನ್ಮದ ಪಾಪ.’ ರೋಗವು ಅಸಾತಾವೇದನೀಯ ಕರ್ಮದ ಉದಯವೆಂಬುದು ಸಿದ್ಧಾಂತ, ನಿಜ. ಆದರೆ ತನಗಾಗಲಿ ಪರರಿಗಾಗಲಿ ದುಃಖ, ಶೋಕ, ಆಕ್ರಂದನಗಳನ್ನು ಉಂಟುಮಾಡುವುದೇ ಆ ಕರ್ಮದ ಆಸ್ರವಕ್ಕೆ ಕಾರಣವೆಂಬುದೂ ಸಿದ್ಧಾಂತವೇ. ಹಾಸಿಗೆಯ ಪಕ್ಕದಲ್ಲಿ ಕುಳಿತು ರೋಗಿಯನ್ನು ಅಳಿಸಿದವರು ತಮಗಾಗಿ ಏನನ್ನು ಕಟ್ಟಿಕೊಂಡು ಮನೆಗೆ ಮರಳಿದರೆಂಬುದನ್ನು ಯೋಚಿಸಬೇಕು. ದೇಹ ಬೇರೆ, ಆತ್ಮ ಬೇರೆ ಎಂಬ ಭೇದವಿಜ್ಞಾನವೂ ಹಾಗೆಯೇ. ರೋಗಿ ತಾನಾಗಿ ಚಿಂತನೆ ಮಾಡಿದರೆ ಅದು ಔಷಧ: ಕೊಯ್ದದ್ದು ಪುದ್ಗಲವನ್ನು, ತಿಳಿಯುವ ಜೀವಕ್ಕೆ ಕತ್ತಿ ತಾಗಲಿಲ್ಲ ಎಂಬ ಅರಿವು ನಿಧಾನವಾಗಿ ಧೈರ್ಯ ಕೊಡುತ್ತದೆ. ಆರೋಗ್ಯವಂತರು ಉಪದೇಶವಾಗಿ ಹೇರಿದರೆ ಮಾತ್ರ ಅದು ಉಪ್ಪು ಸವರಿದಂತೆ.

ಸಹನೆಯೆಂದರೆ ಚಿಕಿತ್ಸೆಯನ್ನು ಬಿಡುವುದಲ್ಲ. ಚತುರ್ವಿಧ ದಾನಗಳಲ್ಲಿ ಔಷಧದಾನಕ್ಕೆ ಸ್ಥಾನ ಕೊಟ್ಟ ಧರ್ಮವಿದು. ಮನಸ್ಸು ತೀರ ಕುಗ್ಗಿದ್ದರೆ ಅದನ್ನೂ ವೈದ್ಯರಲ್ಲಿ ಹೇಳಿಕೊಳ್ಳುವುದರಲ್ಲಿ ಲಜ್ಜೆಯಿಲ್ಲ.

ಕಿಮೊಥೆರಪಿ ನಡೆಯುವಾಗ ದಶಲಕ್ಷಣ ಪರ್ವ ಬಂದರೆ, ಉಪವಾಸ ತಪ್ಪಿತೆಂದು ಮರುಗುವ ತಾಯಂದಿರಿದ್ದಾರೆ. ಷೋಡಶಭಾವನೆಗಳಲ್ಲಿ ತಪಸ್ಸನ್ನು ಹೇಳುವಾಗ ‘ಶಕ್ತಿತಃ’ ಎಂಬ ಮಾತು ಸೇರಿದೆ. ಶಕ್ತಿಗೆ ತಕ್ಕಷ್ಟು ಎಂದರ್ಥ. ಹೊತ್ತಿಗೆ ಸರಿಯಾಗಿ ಉಂಡು, ಮಲಗಿದಲ್ಲಿಯೇ ಣಮೋಕಾರ ಜಪಿಸಿದರೆ ಕೊರತೆಯೇನೂ ಇಲ್ಲ.

ಮನೆಯವರ ಪಾಲಿಗೂ ತಪಸ್ಸಿದೆ. ಆರು ಅಂತರಂಗ ತಪಸ್ಸುಗಳಲ್ಲಿ ಸ್ವಾಧ್ಯಾಯ, ಧ್ಯಾನಗಳ ಸಾಲಿನಲ್ಲಿಯೇ ವೈಯಾವೃತ್ಯವೂ ನಿಂತಿದೆ. ಮುನಿಸೇವೆಯನ್ನು ಕುರಿತ ಆ ಮಾತಿನ ಅರ್ಥ ಅಡುಗೆಮನೆಗೂ ಸಲ್ಲುತ್ತದೆ: ಸೊಸೆಯ ಕೈಯಿಂದ ಅತ್ತೆ ನೀರಿನ ಕೊಡ ಇಸಿದುಕೊಳ್ಳುವುದು, ವೈದ್ಯರು ಹೇಳಿದ ತೋಳಿನ ವ್ಯಾಯಾಮವನ್ನು ಪತಿ ದಿನವೂ ನೆನಪಿಸುವುದು, ತಪಾಸಣೆಯ ದಿನ ಯಾರಾದರೂ ಜೊತೆಗೆ ಹೋಗುವುದು.